ಉಪಚುನಾವಣೆಯಲ್ಲಿ ಒಂದು ‘ಬೇಡ’

ನಮ್ಮ ಕನ್ನಡ ಸಂಘದ ನಿಯಮಾವಳಿ ಹುಟ್ಟಿದ್ದು ತರಕಾರಿ ತೋಟದಲ್ಲಿ. ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಊರಿನ ಸಭಾಭವನ ನಮಗೆ ಸಿಗಬೇಕಾದರೆ ಸಂಘ ನೋಂದಣಿಯಾಗಿರಬೇಕು, ನೋಂದಣಿಗೆ ನಿಯಮಾವಳಿ ಇರಬೇಕು ಎಂದರು. ನಮ್ಮಲ್ಲಿ ಕಾರಿನ ಬ್ರೇಕು ವಿನ್ಯಾಸ ಮಾಡುವವರಿದ್ದರು, ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುವವರಿದ್ದರು, ನಿಯಮಾವಳಿ ಬರೆಯಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ. ನನ್ನ ಪಕ್ಕದ ಮನೆಯ ಮುದುಕ ಊರಾಚೆ ಇದ್ದ ಪುಟ್ಟ ತೋಟಗಳ ಸಂಘದ ಕಾರ್ಯದರ್ಶಿ. ಅವನಿಂದ ಅವರ ನಿಯಮಾವಳಿಯ ಪ್ರತಿ ಇಸಿದುಕೊಂಡು, ‘ತೋಟಗಾರಿಕೆ’ ಎಂದಿದ್ದಲ್ಲೆಲ್ಲ ‘ಕನ್ನಡ ಸಂಸ್ಕೃತಿ’ ಎಂದು ಬದಲಿಸಿ ನಾನೇ ಟೈಪು ಮಾಡಿದೆ. ಹನ್ನೊಂದನೆಯ ಕಲಮು ನನ್ನ ಕಣ್ಣು ತಪ್ಪಿಸಿ ಹಾಗೇ ಉಳಿದುಬಿಟ್ಟಿತು. ನವೆಂಬರ್ ಬಂದ ಕೂಡಲೇ, ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಂತೆ, ಸದಸ್ಯರು ಹೊರಗಿನ ನಲ್ಲಿಗಳನ್ನು ಮುಚ್ಚತಕ್ಕದ್ದು ಎಂದು ಅದರಲ್ಲಿತ್ತು. ನೋಂದಣಿ ಕಚೇರಿಯವರು ಏನೂ ಅನ್ನಲಿಲ್ಲ. ನಮ್ಮ ರಾಜ್ಯೋತ್ಸವದ ತಿಂಗಳಲ್ಲಿ ನಲ್ಲಿ ಮುಚ್ಚುವುದು ಅವರಿಗೆ ಸಹಜವಾಗಿಯೇ ಕಂಡಿರಬೇಕು.

ಆ ಹನ್ನೊಂದನೆಯ ಕಲಮನ್ನು ಹೇಳಿಕೊಂಡು ನಾವು ಬಹಳ ದಿನ ನಕ್ಕೆವು. ಏಳನೆಯ ಕಲಮನ್ನು ಟೈಪು ಮಾಡಿದ ನಾನಲ್ಲದೆ ಬೇರೆ ಯಾರೂ ಓದಿರಲಿಲ್ಲ. ಚುನಾವಣೆಗೆ ಹೆಸರು ಸೂಚಿಸಲ್ಪಟ್ಟವನು ಸಭೆಯಲ್ಲೇ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು, ಬೇಡ ಎಂದವನ ಹೆಸರನ್ನು ಆ ಸಭೆಯಲ್ಲಿ ಮತ್ತೆ ಎತ್ತುವ ಹಾಗಿಲ್ಲ, ಇಷ್ಟೇ ಅದರ ಸಾರಾಂಶ. ತೋಟಗಾರರ ಸಂಘದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಕ್ಕಿಲ್ಲ.

ಅದು ಗ್ರೀನ್ ಕಾರ್ಡ್ ವರ್ಷಗಳ ಮಾತು. ಅಮೆರಿಕದ್ದಲ್ಲ, ಜರ್ಮನಿಯದು, ಐದೇ ವರ್ಷದ ಆಯಸ್ಸಿನದು. ಊರಿನಲ್ಲಿ ಹೆಣ್ಣು ಕೊಡುವವರಿಗೆ ಈ ವ್ಯತ್ಯಾಸ ತಿಳಿಯದ ಕಾರಣ ನಮ್ಮಲ್ಲಿ ಕೆಲವರ ಮದುವೆಯೂ ಆಗಿಹೋಯಿತು. ನಾನು ದಾವಣಗೆರೆಯವನು. ಸಂಘದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಾರು ಇಂಜಿನಿಯರುಗಳು ಒಂದು ಕಡೆ, ಬೆಂಗಳೂರು, ಮೈಸೂರಿನ ಸಾಫ್ಟ್‌ವೇರಿನವರು ಇನ್ನೊಂದು ಕಡೆ. ದಾವಣಗೆರೆ ನಡುವೆ ಬರುತ್ತದೆ, ಇವನು ಎರಡೂ ಕಡೆಗೆ ಸಲ್ಲುತ್ತಾನೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಸಲ್ಲುವುದೆಂದರೆ ಎರಡೂ ಕಡೆಯವರ ಫೋನು ಎತ್ತುವುದು ಎಂದು ಆಮೇಲೆ ತಿಳಿಯಿತು.

ಅವಧಿಯ ನಡುವೆ ನಮ್ಮ ಅಧ್ಯಕ್ಷರ ಕೆಲಸ ಹೋಯಿತು. ಆಗ ಸಾಫ್ಟ್‌ವೇರ್ ಕಂಪನಿಗಳು ಒಂದಾದ ಮೇಲೊಂದು ಜನರನ್ನು ಮನೆಗೆ ಕಳಿಸುತ್ತಿದ್ದವು, ಕೆಲಸ ಹೋದರೆ ಇಲ್ಲಿ ಉಳಿಯುವ ಕಾಗದವೂ ಅದರ ಹಿಂದೆಯೇ ಹೋಗುತ್ತಿತ್ತು. ಅವರು ಸೋಫಾ ಒಬ್ಬರಿಗೆ, ಕುಕ್ಕರ್ ಒಬ್ಬರಿಗೆ ಕೊಟ್ಟು, ಸಂಘದ ಮೊಹರನ್ನು ನನ್ನ ಕೈಗಿಟ್ಟು ಬೆಂಗಳೂರಿನ ವಿಮಾನ ಹತ್ತಿದರು. ಉಳಿದ ಅವಧಿಗೆ ಬೇರೆ ಅಧ್ಯಕ್ಷರನ್ನು ಆರಿಸಬೇಕಾಯಿತು. ಇದಕ್ಕೆ ಜರ್ಮನರು ನಾಖ್‌ವಾಲ್ ಅನ್ನುತ್ತಾರೆ, ನಾವು ಉಪಚುನಾವಣೆ ಅಂದೆವು. ಅರವತ್ತು ಮನೆಗಳ ಸಂಘಕ್ಕೆ ಉಪಚುನಾವಣೆ ಎಂಬ ಮಾತೇ ಎಲ್ಲರ ತಲೆಗೂ ಏರಿತು.

ಇಲ್ಲಿ ನನ್ನ ಧಾರವಾಡದ ಅಣ್ಣನ ಬಗ್ಗೆ ಹೇಳಬೇಕು. ಸ್ವಂತ ಅಣ್ಣನಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವರು, ನನ್ನ ಮನೆಯಿಂದ ಎರಡು ಬೀದಿ ಆಚೆ ಇದ್ದರು, ಪುಣೆಯ ಕಂಪನಿಯೊಂದು ಅವರನ್ನು ಪಕ್ಕದ ಊರು ಸಿಂಡೆಲ್‌ಫಿಂಗೆನ್‌ಗೆ ಕಾರಿನ ನಕ್ಷೆ ಬಿಡಿಸಲಿಕ್ಕೆ ಕಳಿಸಿತ್ತು. ನಮ್ಮೆಲ್ಲರ ನಡುವೆ ಬರೀ ಡಿಪ್ಲೊಮಾ ಓದಿದವರು ಅವರೊಬ್ಬರೇ. ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಎಲ್ಲರಿಗೂ ನೆನಪಿತ್ತು. ಸಂಘದ ಊಟದ ಉಸ್ತುವಾರಿ ಮೂರು ವರ್ಷದಿಂದ ಅವರದು. ಅಕ್ಕಿ ತರುವುದು, ದೊಡ್ಡ ಪಾತ್ರೆ ಹೊಂದಿಸುವುದು, ಅಡುಗೆ ಮಾಡುವುದು, ಬಡಿಸುವುದು, ಕಡೆಗೆ ಭವನದ ಅಡುಗೆಮನೆ ತಿಕ್ಕಿ ಕೀಲಿ ಕೊಡುವುದು, ಎಲ್ಲ ಅವರೇ. ಕಾರ್ಯಕ್ರಮದಲ್ಲಿ ಒಬ್ಬರು ದೀಪ ಹಚ್ಚುವಾಗ, ಇನ್ನೊಬ್ಬರು ಭಾಷಣ ಮಾಡುವಾಗ ಇವರು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದರು.

ಅವರ ಕೈಯಲ್ಲಿ ಬಡಿಸಿಕೊಂಡವರು ಹಸಿದು ಎದ್ದದ್ದಿಲ್ಲ. ಬೇಡ ಎಂದರೆ ಬಿಡುವ ಆಸಾಮಿಯೇ ಅಲ್ಲ. ಇದಕ್ಕೊಂದು ಶಾಸ್ತ್ರವನ್ನೂ ಮಾಡಿಕೊಂಡಿದ್ದರು. “ಮೊದಲನೇ ಬ್ಯಾಡ ಮರ್ಯಾದಿಗೆ, ಎರಡನೇದು ನಾಚಿಕಿಗೆ, ಮೂರನೇದಷ್ಟ ಹೊಟ್ಟಿ ಮಾತು. ಮೂರನೇದು ಬರೂತನಕಾ ಬಡಸಾಂವ ಹಿಂದ ಸರೀಬಾರದು, ತಿಳೀತಿಲ್ಲೋ ತಮ್ಮಾ?” ಎನ್ನುತ್ತಿದ್ದರು. ಬಂದ ಹೊಸದರಲ್ಲಿ ಅವರ ಮನೆಯ ಮಾಲಕಿ ಕೇಕು ತಂದು ಮುಂದೆ ಹಿಡಿದಳಂತೆ. “ನಾ ನೈನ್ ಡಾಂಕೆ ಅಂದೆ. ಆ ಮುದುಕಿ ತಾಟು ಎತ್ತಿಕೊಂಡು ಒಳಗ ಹೋಗೇ ಬಿಟ್ಲೋ! ಬಾಯಾಗ ನೀರು ಬಂದದ್ದು ಬಾಯಾಗ ಉಳೀತು. ಒಮ್ಮೆ ಬ್ಯಾಡಂದ್ರ ಮುಗೀತ ನೋಡು ಈ ಮಂದಿಗೆ.” ಈ ಕತೆಯನ್ನು ಅವರು ಹೊಸಬರು ಬಂದಾಗಲೆಲ್ಲ ಹೇಳಿ, ತಾವೇ ಮೊದಲು ನಗುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅವರ ಊರಿನ ರೂಢಿಯಂತೆ ವೈನಿ ಎನ್ನುತ್ತಿದ್ದೆ. ಉಪಚುನಾವಣೆಯ ಮಾತು ಎದ್ದ ವಾರ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಆ ವಾರ ಮೆಟ್ಟಿಲು ಗುಡಿಸುವ ಸರದಿ ಅವರದು, ಬಾಗಿಲಿಗೆ ಕೇರ್‌ವೋಖೆಯ ಹಲಗೆ ನೇತಾಡುತ್ತಿತ್ತು. ಶನಿವಾರವೇ ಗುಡಿಸಬೇಕಾಗಿದ್ದನ್ನು ಭಾನುವಾರ ಸದ್ದಿಲ್ಲದೆ ಗುಡಿಸಲು ಅಣ್ಣ ಕೆಳಗೆ ಹೋಗಿದ್ದರು. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಗೆ ಹತ್ತಿದ ಹಿಟ್ಟು ಉದುರಿಸುತ್ತ ನನ್ನ ಕಡೆ ತಿರುಗಿದರು.

“ಒಂದು ಮಾತು ಹೇಳ್ತೇನ್ರಿ, ಅವರ ಮುಂದ ಆಡಬ್ಯಾಡ್ರಿ. ಅವರಿಗೆ ಅಧ್ಯಕ್ಷ ಆಗೂ ಆಸೆ ಐತಿ.”

ನನಗೆ ನಗು ಬಂದದ್ದು ಮುಖದ ಮೇಲೆ ಕಂಡಿರಬೇಕು.

“ನನಗೂ ಮೊದಲ ನಗಿ ಬಂತ್ರಿ. ಆಮ್ಯಾಲ ಬರಲಿಲ್ಲ. ಮೂರು ವರ್ಷ ಎಲ್ಲಾರೂ ಅಕ್ಕಿ ಬಂತೇನು, ಪಾತ್ರಿ ಬಂದೂವೇನು ಅಂತ ಕೇಳ್ಯಾರ. ಒಂದು ಸಲರೆ ಮ್ಯಾಲ ಬಂದು ಕೂಡ್ರಿ ಅಂದಿಲ್ಲ. ಮಾರ್ಚಿಗೆ ಇವರ ಪ್ರಾಜೆಕ್ಟ್ ಮುಗೀತೈತಿ, ನಾವು ಧಾರವಾಡಕ್ಕ ಹೊಂಟೇವಿ. ಇದೊಂದ ರಾಜ್ಯೋತ್ಸವ ಉಳದೈತಿ.” ಹಿಟ್ಟಿನ ಮುದ್ದೆ ಮತ್ತೆ ಕೈಗೆತ್ತಿಕೊಂಡು ಹೇಳಿದರು: “ಕೇಳಿದ್ರ ಅವರು ಬ್ಯಾಡ ಅಂತಾರ. ನಿಮಗ ಗೊತ್ತ ಐತೆಲ್ಲ ಅವರ ಸ್ವಭಾವ. ನೀವು ಬಿಡಬ್ಯಾಡ್ರಿ.”

“ನಾನಿದೀನಲ್ಲ ವೈನಿ, ನೋಡ್ಕೋತೀನಿ” ಎಂದೆ. ಅಷ್ಟರಲ್ಲಿ ಅಣ್ಣ ಪೊರಕೆ ಹಿಡಿದು ಮೇಲೆ ಬಂದರು. ನನಗೆ ನಾಲ್ಕು ರೊಟ್ಟಿ ತಿನ್ನಿಸಿ ಕಳಿಸಿದರು.

ಕೆಲಸ ಸುಲಭ ಎಂದುಕೊಂಡಿದ್ದೆ. ಇಷ್ಟು ದುಡಿದ ಮನುಷ್ಯನಿಗೆ ಯಾರು ಅಡ್ಡ ಬರುತ್ತಾರೆ? ಬಂದರು. ಮೈಸೂರು, ಬೆಂಗಳೂರಿನವರು ಮ್ಯಾನ್‌ಹೈಮ್‌ನ ಒಬ್ಬರ ಹೆಸರು ಹಿಡಿದರು. ಆತ ಅಲ್ಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್, ಬೆಂಗಳೂರಿನವರು, ಸಂಘದ ಎರಡು ಕಾರ್ಯಕ್ರಮಕ್ಕೆ ಬಂದು ಎರಡರಲ್ಲೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಬೊಬ್ಲಿಂಗೆನ್ ಸಂಘಕ್ಕೆ ಗಂಟೆಗಟ್ಟಲೆ ದೂರದ ಮ್ಯಾನ್‌ಹೈಮ್‌ನ ಅಧ್ಯಕ್ಷರೇ ಎಂದು ಧಾರವಾಡದ ಕಡೆಯವರು ರೇಗಿದರು. ಮೇಲಿಂಗ್ ಲಿಸ್ಟಿನಲ್ಲಿ ಪತ್ರಗಳ ಸುರಿಮಳೆ ಶುರುವಾಯಿತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಬೈಗುಳ. ಯುಗಾದಿಗೆ ಬಾ ಎಂದರೆ ಉತ್ತರ ಕೊಡದವರೂ ಎರಡೆರಡು ಪುಟ ಬರೆದರು. ಒಬ್ಬ ‘ಅಕ್ಕಿ ಮೂಟೆ ಅಧ್ಯಕ್ಷ’ ಎಂದು ಬರೆದ. ಅದಕ್ಕೆ ಇನ್ನೊಬ್ಬ, ನಿಮ್ಮ ಮೈಸೂರ್ ಪಾಕು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದು ಉತ್ತರಿಸಿದ. ಅಣ್ಣ ಇದನ್ನೆಲ್ಲ ಓದುತ್ತಿದ್ದರೋ ಇಲ್ಲವೋ ತಿಳಿಯದು, ನಾನು ಕೇಳಲಿಲ್ಲ.

ಸಂಜೆ ಆರಕ್ಕೆ ಮನೆಗೆ ಬಂದರೆ ಫೋನು. ಒಂದು ಕಡೆಯವರು, “ಗುರು, ನೀನು ನಮ್ ಕಡೆ ತಾನೇ?” ಎನ್ನುವರು. ಇನ್ನೊಂದು ಕಡೆಯವರು, “ನೀವರೆ ಗಟ್ಟಿ ನಿಲ್ರೀ ಮಾರಾಯ್ರ” ಎನ್ನುವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಾನು. ಮೂರನೆಯ ವಾರದ ಹೊತ್ತಿಗೆ ಫೋನಿನ ಮೇಲೆ ದಿಂಬು ಇಡತೊಡಗಿದ್ದೆ. ಆಫೀಸಿನಲ್ಲಿ ನಮ್ಮ ಗುಂಪಿನ ಇಬ್ಬರನ್ನು ಮನೆಗೆ ಕಳಿಸಿದ್ದರು, ಮುಂದಿನವನು ನಾನೇ ಇರಬಹುದು ಎಂಬ ಭಯ ಬೇರೆ. ಅದರ ನಡುವೆ ಈ ಆಕಾಶ ನೋಡುವ ನೂಕುನುಗ್ಗಲು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಇಂಗ್ಲೆಂಡಿನವನು, ಐವತ್ತು ದಾಟಿದ ಟೆಸ್ಟರ್. ತನ್ನ ಊರಿನಲ್ಲಿ ಹದಿನೆಂಟನೆಯ ವಯಸ್ಸಿನಿಂದ ಒಂದು ಪಕ್ಷದ ಸದಸ್ಯನಾಗಿದ್ದು, ಆಮೇಲೆ ಬಿಟ್ಟವನು. ನನ್ನ ಗೋಳು ಕೇಳಿ ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಅವನೂರಿನ ಸಂಸದರು ತೀರಿಹೋಗಿ ಉಪಚುನಾವಣೆ ಬಂದಿತ್ತಂತೆ. ಇಪ್ಪತ್ತು ವರ್ಷ ಮನೆಮನೆ ಬಾಗಿಲು ಬಡಿದ ಸ್ಥಳೀಯ ಕೌನ್ಸಿಲರ್ ಒಬ್ಬರಿದ್ದರು, ಟಿಕೆಟ್ಟು ಅವರಿಗೇ ಎಂದು ಊರೆಲ್ಲ ನಂಬಿತ್ತು. ಲಂಡನ್ನಿನ ಪಕ್ಷದ ಕಚೇರಿಯಿಂದ ಮೂರು ಹೆಸರಿನ ಪಟ್ಟಿ ಬಂತು, ಅದರಲ್ಲಿ ಅವರ ಹೆಸರೇ ಇರಲಿಲ್ಲ. ಕೌನ್ಸಿಲರ್ ಸ್ಥಾನ ತೆರವಾದರೆ ಅದಕ್ಕೂ ಮತ್ತೊಂದು ಚುನಾವಣೆ ಮಾಡಬೇಕಾಗುತ್ತದೆ ಎಂಬ ಕಾರಣ ಕೊಟ್ಟರಂತೆ. ಪಬ್ಬಿನ ಮಹಡಿಯ ಕೋಣೆಯಲ್ಲಿ ನಡೆದ ಆ ಸಭೆಯಲ್ಲಿ ಮೂವತ್ತು ವರ್ಷದ ಗೆಳೆಯರು ಒಬ್ಬರ ಮುಖದ ಹತ್ತಿರ ಒಬ್ಬರು ಹೋಗಿ ಕೂಗಾಡಿದರಂತೆ.

“ಎದುರು ಪಕ್ಷದವರ ಮೇಲೆ ನನಗೆ ಯಾವತ್ತೂ ಅಷ್ಟು ಸಿಟ್ಟು ಬಂದಿರಲಿಲ್ಲ” ಎಂದ.

“ಆ ಕೌನ್ಸಿಲರ್ ಏನು ಮಾಡಿದರು?”

“ಮರುದಿನ ಬೆಳಗ್ಗೆ ಕರಪತ್ರ ಹಂಚಲಿಕ್ಕೆ ಎಲ್ಲರಿಗಿಂತ ಮೊದಲು ಬಂದ. ಯಾರ ಜೊತೆಗೂ ಮಾತಾಡಲಿಲ್ಲ.”

“ಗೆದ್ದಿರಾ?”

“ಗೆದ್ದೆವು. ನನಗೆ ಅದೇ ಬೇಜಾರು” ಎಂದು ಚಹಾದ ಲೋಟ ತೊಳೆಯಲು ಎದ್ದುಹೋದ. ಅವತ್ತಿನಿಂದ ಪ್ರತಿ ಸೋಮವಾರ ಬೆಳಗ್ಗೆ ಬಂದ ಕೂಡಲೇ, ನಿಮ್ಮ ಅಭ್ಯರ್ಥಿ ಯಾರೆಂದು ತೀರ್ಮಾನವಾಯಿತೇ ಎಂದು ಕೇಳುವುದು ಅವನ ರೂಢಿಯಾಯಿತು.

ನಮ್ಮಲ್ಲಿ ಲಂಡನ್ ಕಚೇರಿ ಇರಲಿಲ್ಲ, ಕಾರ್ಯಕಾರಿ ಸಮಿತಿ ಇತ್ತು. ಅದರ ಉಪಾಧ್ಯಕ್ಷರು ಮೈಸೂರಿನ ಹಿರಿಯರು, ಎಪ್ಪತ್ತರ ದಶಕದಲ್ಲೇ ಬಂದು ಇಲ್ಲಿಯೇ ನಿವೃತ್ತರಾದವರು. ಜರ್ಮನ್ ಭಾಷೆಯನ್ನು ಜರ್ಮನರಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು, ಮನೆಯಲ್ಲೂ ಟೈ ಕಟ್ಟುತ್ತಿದ್ದರು. ಅಧ್ಯಕ್ಷರಿಲ್ಲದಾಗ ಸಭೆ ನಡೆಸುವವರು ಅವರೇ ಆದ್ದರಿಂದ ಯಾರ ಹೆಸರು ಮೊದಲು ಬರಬೇಕು ಎಂಬುದು ಅವರ ಕೈಯಲ್ಲಿತ್ತು. ನಾನು ಅವರ ಮನೆಗೆ ಹೋಗಿ ಅಣ್ಣನ ಹೆಸರು ಹೇಳಿದೆ.

“ನೋಡಿ, ಆತ ಒಳ್ಳೆ ಮನುಷ್ಯ, ನಾನೇನೂ ಇಲ್ಲ ಅನ್ನೋಲ್ಲ” ಎಂದರು. “ಆದ್ರೆ ಪ್ರೆಸಿಡೆಂಟ್ ಅಂದ್ಮೇಲೆ ರಾಟ್‌ಹೌಸ್‌ಗೆ ಹೋಗಿ ಮೇಯರ್ ಹತ್ರ ಮಾತಾಡ್ಬೇಕಾಗತ್ತೆ. ಈತನ ಜರ್ಮನ್ನು ಬೇಕರಿವರೆಗೆ ಅಷ್ಟೇ. ಇನ್ನೊಂದು, ಊಟದ ಜವಾಬ್ದಾರಿ ಆತಂದು. ಅದು ಖಾಲಿಯಾದ್ರೆ ಅದಕ್ಕೆ ಮತ್ತೊಬ್ಬರನ್ನ ಆರಿಸ್ಬೇಕು. ಅಡಿಗೆ ಮಾಡೋರು ಯಾರಿದಾರೆ, ನೀವು ಮಾಡ್ತೀರಾ?”

ಇಂಗ್ಲೆಂಡಿನವನ ಮಾತು ನೆನಪಾಗಿ ನನಗೆ ಸಿಟ್ಟು ಬಂತು. ಸಾಮಾನ್ಯವಾಗಿ ಹಿರಿಯರೆದುರು ಬಾಯಿ ತೆರೆಯದವನು ಅವತ್ತು ಮಾತಾಡಿದೆ. “ಚೆನ್ನಾಗಿ ಅಡುಗೆ ಮಾಡಿದ್ದೇ ತಪ್ಪಾಯ್ತಾ ಸಾರ್? ಅಡುಗೆ ಬರದವನು ಅಧ್ಯಕ್ಷ ಆಗಬಹುದು, ಬರೋನು ಆಗಬಾರದಾ?” ಎಂದೆ. ಅವರು ಟೈ ಸರಿಮಾಡಿಕೊಂಡರು. ಕೊನೆಗೆ, “ಆಯ್ತಪ್ಪಾ, ಆತನ ಹೆಸರೇ ಮೊದಲು ಕರೆಯೋಣ. ಒಪ್ಕೊಂಡ್ರೆ ಅವಿರೋಧ ಆಯ್ಕೆ. ನಾನು ಮ್ಯಾನ್‌ಹೈಮ್‌ನೋರಿಗೆ ಹೇಳ್ತೀನಿ” ಎಂದರು. ದೊಡ್ಡ ಮನುಷ್ಯ, ಮಾತಿಗೆ ತಪ್ಪಲಿಲ್ಲ. ನಾನು ಮೀಸೆ ತಿರುವಿಕೊಂಡು ಮನೆಗೆ ಬಂದೆ, ವೈನಿಗೆ ಫೋನು ಮಾಡಿ, ಎಲ್ಲ ಸರಿಹೋಯಿತು ಎಂದೆ. ಆ ಕಡೆಯಿಂದ ಅವರು ನಕ್ಕದ್ದು ಕೇಳಿಸಿತು.

ಸಭೆ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ. ಭವನದ ಚಿಕ್ಕ ಕೋಣೆ, ಆರು ಗಂಟೆಗೆ ಸರಿಯಾಗಿ ಬಿಟ್ಟುಕೊಡಬೇಕು. ಅಣ್ಣ ಕಪ್ಪು ಕೋಟು ಹಾಕಿಕೊಂಡು ಬಂದಿದ್ದರು. ಆ ಕೋಟನ್ನು ನಾನು ಅದಕ್ಕೆ ಮೊದಲು ಒಮ್ಮೆಯೂ ನೋಡಿರಲಿಲ್ಲ. ವೈನಿ ಇಳಕಲ್ ಸೀರೆ ಉಟ್ಟು, ಹೊರಗೆ ಅಷ್ಟು ಚಳಿಯಿದ್ದರೂ ಜಾಕೆಟ್ಟು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಒಂದು ಉಪಚುನಾವಣೆಯ ಸಭೆಗೆ ಇಳಕಲ್ ಸೀರೆ ಉಟ್ಟವರು ಅವರೊಬ್ಬರೇ.

ಮೊದಲ ಎರಡು ಗಂಟೆ ಮ್ಯಾನ್‌ಹೈಮ್ ಬೊಬ್ಲಿಂಗೆನ್‌ಗೆ ಸೇರುತ್ತದೋ ಇಲ್ಲವೋ ಎಂಬುದರಲ್ಲಿ ಹೋಯಿತು. ನಕ್ಷೆ ತಂದವರೂ ಇದ್ದರು. ಆಮೇಲೆ ಮೇಲಿಂಗ್ ಲಿಸ್ಟಿನಲ್ಲಿ ಅಕ್ಕಿ ಮೂಟೆ ಎಂದವನು ಕ್ಷಮೆ ಕೇಳಬೇಕು ಎಂಬ ಗಲಾಟೆ. ಅವನು ಕೇಳಿದ, ಕೇಳಿದ ರೀತಿ ಸರಿಯಿಲ್ಲ ಎಂದು ಮತ್ತೆ ಅರ್ಧ ಗಂಟೆ. ಮೂಲೆಯಲ್ಲಿ ಮಕ್ಕಳು ಜರ್ಮನ್‌ನಲ್ಲಿ ಜಗಳವಾಡುತ್ತಿದ್ದವು, ಮನೆಗೆ ಯಾವಾಗ ಹೋಗುವುದೆಂದು ಒಂದು ಹುಡುಗಿ ನಿಮಿಷಕ್ಕೊಮ್ಮೆ ಬಂದು ಅಮ್ಮನನ್ನು ಕೇಳುತ್ತಿತ್ತು. ನಾನು ಎಲ್ಲವನ್ನೂ ಜರ್ಮನ್‌ನಲ್ಲಿ ಪ್ರೊಟೊಕಾಲ್, ಅಂದರೆ ಸಭೆಯ ನಡಾವಳಿ, ಬರೆಯುತ್ತ ಕೂತಿದ್ದೆ. ಆ ಕಾಗದ ಸಹಿ ಬಿದ್ದು ನೋಂದಣಿ ಕಚೇರಿಗೆ ಹೋಗಬೇಕು. ತಲೆ ಸಿಡಿಯುತ್ತಿತ್ತು, ಕೈ ಸೋತಿತ್ತು. ಐದೂವರೆಗೆ ಭವನ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಾಗಿಲಲ್ಲಿ ಬಂದು ನಿಂತು ಕೀಲಿಗೊಂಚಲು ಆಡಿಸತೊಡಗಿದ.

ಆಗ ಹಿರಿಯರು ಎದ್ದು, ಅಧ್ಯಕ್ಷ ಸ್ಥಾನಕ್ಕೆ ಅಣ್ಣನ ಹೆಸರನ್ನು ಸೂಚಿಸಲಾಗಿದೆ ಎಂದರು. ಚಪ್ಪಾಳೆ ಬಿತ್ತು, ಮೈಸೂರಿನ ಕಡೆಯಿಂದಲೂ ಬಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. “ತಾವು ಒಪ್ತೀರಾ?” ಎಂದು ಹಿರಿಯರು ಕೇಳಿದರು.

ಅಣ್ಣ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ಕೈ ಮುಗಿದು ನಾಚಿಕೊಂಡು ನಕ್ಕರು. “ಅಯ್ಯ, ನಾ ಎಲ್ಲೀ ಅಧ್ಯಕ್ಷರೀ ಸರ. ಬ್ಯಾಡ್ರಿ. ದೊಡ್ಡ ದೊಡ್ಡವರದೀರಿ, ಯಾರರೆ ಆಗ್ರಿ” ಎಂದು ಕೂತುಬಿಟ್ಟರು.

ಕೂತ ಮೇಲೂ, ಯಾರಾದರೂ ಮತ್ತೆ ಎಬ್ಬಿಸುತ್ತಾರೆಂದು ಕಾಯುವ ಹಾಗೆ ಕುರ್ಚಿಯ ತುದಿಯಲ್ಲೇ ಕೂತಿದ್ದರು. ಹಿರಿಯರು ನನ್ನ ಕಡೆ ತಿರುಗಿ, “ಬರ್ಕೊಳ್ಳಿ” ಎಂದರು. ಮೂವತ್ತು ವರ್ಷ ಇಲ್ಲಿ ಬಾಳಿದ ಅವರು ನಮ್ಮ ಕಡೆಯ ಮೊದಲ ಬೇಡದ ಅರ್ಥ ಮರೆತಿದ್ದರೋ, ಮರೆತ ಹಾಗೆ ಮಾಡಿದರೋ, ಇವತ್ತಿಗೂ ಗೊತ್ತಿಲ್ಲ. ಅದನ್ನು ಅವರ ತಲೆಗೆ ಕಟ್ಟಿ ನಾನು ಪಾರಾಗಲಾರೆ. ನನಗೆ ಗೊತ್ತಿತ್ತು. ವೈನಿ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ಎತ್ತಿ, ‘ಹಾಗಂದ್ರೆ ಹೇಗಣ್ಣಾ, ನೀವೇ ಆಗಬೇಕು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎರಡನೆಯ ಬೇಡ ಬರುತ್ತಿತ್ತು, ಇನ್ನೊಂದು ಸಲ ಕೇಳಿದರೆ, ‘ನೀವೆಲ್ಲಾ ಇಷ್ಟು ಅಂದಮ್ಯಾಲ’ ಎಂದು ಎದ್ದು ನಿಲ್ಲುತ್ತಿದ್ದರು. ಬಾಗಿಲಲ್ಲಿ ಕೀಲಿ ಗಲಗಲ ಎನ್ನುತ್ತಿತ್ತು. ನನಗೆ ಸಾಕಾಗಿತ್ತು. ಯಾರಾದರೂ ಆಗಲಿ, ನಾನು ಮನೆಗೆ ಹೋಗಿ ಮಲಗಬೇಕು ಎನ್ನಿಸಿತು. ಅವರ ಹೆಸರಿನ ಮುಂದೆ ಜರ್ಮನ್‌ನಲ್ಲಿ ‘ನಿರಾಕರಿಸಿದ್ದಾರೆ’ ಎಂದು ಬರೆದೆ.

ಹಿಂದಿನ ಸಾಲಿನಿಂದ ಹುಬ್ಬಳ್ಳಿಯವರೊಬ್ಬರು ಎದ್ದರು. “ಅದು ಹಂಗಲ್ರೀ ಸರ, ಅವರು ಮರ್ಯಾದಿಗೆ ಅಂದಾರ. ಇನ್ನೊಮ್ಮೆ ಕೇಳ್ರಿ.”

ಹಿರಿಯರು ನನ್ನನ್ನೇ ಕೇಳಿದರು. “ಕಾರ್ಯದರ್ಶಿಗಳೇ, ಇದಕ್ಕೆ ರೂಲ್ ಏನಾದ್ರೂ ಇದೆಯಾ?”

ಎರಡನೆಯ ಸಲವೂ ಅವಕಾಶ ನನ್ನ ಕೈಗೇ ಬಂದಿತ್ತು. ಏಳನೆಯ ಕಲಮು ಇರುವುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತು. ಇಲ್ಲ ಎಂದಿದ್ದರೆ ಯಾರೂ ತೆಗೆದು ನೋಡುತ್ತಿರಲಿಲ್ಲ. ಆದರೆ ಮತ್ತೆ ಕೇಳಿದರೆ ಮೈಸೂರು ಕಡೆಯವರು ಏಳುತ್ತಾರೆ, ಮತ್ತೆ ಗಲಾಟೆ, ಸಭೆ ಮುಂದಕ್ಕೆ ಹೋಗುತ್ತದೆ, ಮತ್ತೆ ಮೂರು ವಾರ ಫೋನು. ನಾನು ಪುಟ ತಿರುವಿ ತೋಟಗಾರರ ಏಳನೆಯ ಕಲಮನ್ನು ಜರ್ಮನ್‌ನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. “ಬರೆದಾಗಿದೆ ಸಾರ್” ಎಂದೂ ಸೇರಿಸಿದೆ.

ಮ್ಯಾನ್‌ಹೈಮ್‌ನವರ ಹೆಸರು ಕರೆದರು. ಅವರಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. “ಶ್ಯೂರ್, ಐ ಆ್ಯಮ್ ಹ್ಯಾಪಿ ಟು ಟೇಕ್ ಇಟ್ ಅಪ್” ಎಂದರು. ಕೈ ಎತ್ತಿ ಎಂದಾಗ ಅಣ್ಣನೂ ಕೈ ಎತ್ತಿದರು. ಐದು ಐವತ್ತಕ್ಕೆ ಎಲ್ಲ ಮುಗಿಯಿತು, ಹೌಸ್‌ಮೈಸ್ಟರ್‌ಗೆ ಬಹಳ ಸಂತೋಷವಾಯಿತು.

ಎಲ್ಲರೂ ಹೊರಟ ಮೇಲೆ ಅಣ್ಣ ಕೋಟು ಬಿಚ್ಚಿಟ್ಟು ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ನಾನು ಹತ್ತಿರ ಹೋಗಿ, “ಅಣ್ಣಾ, ಅದು...” ಎಂದೆ.

“ಛಲೋ ಆತು ಬಿಡೋ ತಮ್ಮಾ. ನಾನ ಬ್ಯಾಡ ಅಂದೆನಲ್ಲ” ಎಂದರು, ದನಿಯಲ್ಲಿ ಏನೂ ಇರಲಿಲ್ಲ. ವೈನಿ ಜಾಕೆಟ್ಟಿನ ಜಿಪ್ಪು ಕುತ್ತಿಗೆವರೆಗೆ ಎಳೆದುಕೊಂಡು ಬಾಗಿಲಾಚೆ ನಿಂತಿದ್ದರು. ನಾನು ಅವರ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಸೋಮವಾರ ಇಂಗ್ಲೆಂಡಿನವನು ಎಂದಿನಂತೆ ಕೇಳಿದ. ಎಲ್ಲ ಹೇಳಿದೆ, ಮೂರು ಬೇಡಗಳ ಶಾಸ್ತ್ರವನ್ನೂ ಬಿಡಿಸಿ ಹೇಳಿದೆ. “ನಮ್ಮವನನ್ನು ತೆಗೆದದ್ದು ಲಂಡನ್ನಿನವರು. ನಿಮ್ಮವನನ್ನು ತೆಗೆದದ್ದು ಯಾರು?” ಎಂದ. ಚುಚ್ಚಲಿಕ್ಕೆ ಕೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಕಂಪ್ಯೂಟರ್ ಕಡೆ ತಿರುಗಿಕೊಂಡೆ.

ಆ ರಾಜ್ಯೋತ್ಸವಕ್ಕೆ ಅಡುಗೆ ಯಾರು ಮಾಡುತ್ತಾರೆ ಎಂದು ಎಲ್ಲರಿಗೂ ದಿಗಿಲಾಗಿತ್ತು. ಅಣ್ಣ ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚಿದ್ದರು. ಹೊರಗೆ ಹೊಸ ಅಧ್ಯಕ್ಷರು ದೀಪ ಹಚ್ಚಿದರು, ಸ್ಲೈಡುಗಳಿಟ್ಟು ಭಾಷಣ ಮಾಡಿದರು. ಭಾಷಣ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನಾನು ಆ ಹೊತ್ತಿಗಾಗಲೇ ಕಾರ್ಯದರ್ಶಿ ಸ್ಥಾನ ಬಿಡುತ್ತೇನೆಂದು ಕಾಗದ ಬರೆದು ಕೊಟ್ಟಿದ್ದೆ. ಆ ಕೆಲಸಕ್ಕೂ ಒಂದು ಉಪಚುನಾವಣೆ ನಡೆಯಿತೆಂದು ಆಮೇಲೆ ಕೇಳಿದೆ, ನಾನು ಹೋಗಲಿಲ್ಲ.

ಊಟಕ್ಕೆ ಉದ್ದನೆಯ ಮೇಜುಗಳ ಸಾಲು, ಕಾಗದದ ತಟ್ಟೆ. ವೈನಿ ಆ ಬದಿಯ ಸಾಲಿಗೆ ಪಲ್ಯ ಬಡಿಸುತ್ತಿದ್ದರು. ಅಣ್ಣ ಹೋಳಿಗೆಯ ಬುಟ್ಟಿ ಹಿಡಿದು ನಮ್ಮ ಸಾಲಿಗೆ ಬಂದರು, ಅದೇ ಗಲಾಟೆ, ಅದೇ ನಗು. ಸಾಲಿನ ಮೊದಲ ಮೇಜಿನಲ್ಲಿ ಕೂತಿದ್ದ ಅಧ್ಯಕ್ಷರು ಬೇಡ ಬೇಡ ಎನ್ನುತ್ತಿದ್ದಂತೆಯೇ ಅವರ ತಟ್ಟೆಗೆ ಎರಡು ಬಿದ್ದವು. ಹಿರಿಯರು ಸಕ್ಕರೆ ಕಾಯಿಲೆಯ ಹೆಸರು ಹೇಳಿಯೂ ತಪ್ಪಿಸಿಕೊಳ್ಳಲಾಗಲಿಲ್ಲ. ಅಕ್ಕಿ ಮೂಟೆ ಎಂದು ಬರೆದಿದ್ದವನಿಗೂ ಒಂದು ಹೆಚ್ಚೇ ಸಿಕ್ಕಿತು. ನಾನು ತಟ್ಟೆಯಲ್ಲಿ ಅನ್ನವನ್ನು ಒಂದು ಕಡೆ ಸರಿಸಿ ಹೋಳಿಗೆಗೆ ಜಾಗ ಮಾಡಿಕೊಂಡು ಕಾದೆ. ಇವತ್ತು ಇವರು ಬೈಯುತ್ತ ನಾಲ್ಕು ಹಾಕಲಿ, ನಾಲ್ಕನ್ನೂ ತಿಂದು, ಕೈ ಹಿಡಿದು ತಪ್ಪಾಯಿತು ಎಂದುಬಿಡುತ್ತೇನೆ ಎಂದುಕೊಂಡಿದ್ದೆ.

ಅವರು ನನ್ನ ಮುಂದೆ ಬಂದು ನಿಂತರು. ಮೂರು ವರ್ಷದ ರೂಢಿ, ಕೈ ತಾನಾಗಿಯೇ ತಟ್ಟೆಗೆ ಅಡ್ಡ ಹೋಯಿತು. “ಬೇಡಣ್ಣಾ” ಎಂದೆ, ನಗುತ್ತ.

“ಆತು” ಎಂದರು.

ಬುಟ್ಟಿ ಮುಂದೆ ಹೋಯಿತು. ನನ್ನ ಪಕ್ಕದಲ್ಲಿ ಡ್ರೆಸ್ಡೆನ್‌ನಿಂದ ಬಂದ ವಿದ್ಯಾರ್ಥಿಯೊಬ್ಬ ಕೂತಿದ್ದ, ಅವನೂ ಬೇಡ ಎಂದ. “ಏ, ಬ್ಯಾಡಂದ್ರ ಬಿಡ್ತೇನೇನೋ ನಿನ್ನ? ಹಿಡಿ, ಹಿಡಿ, ಇನ್ನೊಂದು” ಎಂದು ಅಣ್ಣ ಅವನ ಕೈ ಸರಿಸಿ ಬಡಿಸುತ್ತಿದ್ದರು. ನನ್ನ ಕೈ ಇನ್ನೂ ತಟ್ಟೆಯ ಮೇಲೇ ಇತ್ತು.